ಹುಳ ಕಳಿಸೋ ಕಳ್ಳ ಚೀಟಿ

ಕಾಲಿಗೆ ಮುಳ್ಳು ಚುಚ್ಚಿದರೆ ಕೀವು ಕಟ್ಟಿ ಹೊರಗೆ ತಳ್ಳೋ ಮೈ, ಹೊಟ್ಟೆಯೊಳಗಿನ ಜಂತುಹುಳವನ್ನ ತಿಂಗಳುಗಟ್ಟಲೆ ಹೇಗೆ ಸಹಿಸುತ್ತೆ? ಔಷಧಿ ಕುಡಿಸಿದ ಮೇಲೂ ಎರಡು ಕುರಿಮರಿ ಸತ್ತಾಗಿನಿಂದ ಈ ಪ್ರಶ್ನೆ ನನ್ನ ಬಿಟ್ಟಿಲ್ಲ.

ಇದರ ಎಳೆ ಶುರುವಾಗೋದು 1993ರಲ್ಲಿ, ಅಮೆರಿಕದಲ್ಲಿ. ವಿಕ್ಟರ್ ಆಂಬ್ರೋಸ್ ತಂಡದವರು ಮಣ್ಣಲ್ಲಿ ಬದುಕೋ ಒಂದು ಮಿಲಿಮೀಟರ್ ಹುಳದಲ್ಲಿ ಪುಟಾಣಿ ಆರ್‌ಎನ್‌ಎ ತುಣುಕು ಕಂಡರು. ಬೇರೆ ಜೀನ್‌ನ ಬಾಯಿ ಮುಚ್ಚಿಸೋದೇ ಅದರ ಕೆಲಸ. ಹುಳದ್ದೇನೋ ವಿಚಿತ್ರ ಅಂತ ಜನ ಸುಮ್ಮನಾದರು. 2000ದಲ್ಲಿ ಗ್ಯಾರಿ ರವ್ಕುನ್ ತಂಡ ಅಂಥದೇ ಇನ್ನೊಂದು ತುಣುಕು ಮನುಷ್ಯರಲ್ಲೂ ಇದೆ ಅಂತ ತೋರಿಸಿದ ಮೇಲೆ ಎಲ್ಲರೂ ಎದ್ದು ಕೂತರು. ಇಬ್ಬರಿಗೂ ನೊಬೆಲ್ ಬಂದಿದ್ದು 2024ರಲ್ಲಿ, ನೋಡಿ!

ನಮಗೆ ಬೇಕಾದ್ದು 2014ರ ಕತೆ. ಎಡಿನ್‌ಬರೋದ ಏಮಿ ಬಕ್ ತಂಡ ಇಲಿಯ ಕರುಳಿನ ಹುಳವನ್ನ ಪರೀಕ್ಷಿಸಿತು. ಕಣ್ಣಿಗೆ ಕಾಣದ ಪೊಟ್ಟಣಗಳನ್ನ ಅದು ಹೊರಗೆ ಬಿಡುತ್ತೆ, ಒಳಗೆ ಇಂಥವೇ ಆರ್‌ಎನ್‌ಎ. ಪೊಟ್ಟಣ ಇಲಿಯ ಕೋಶದೊಳಗೆ ಇಳಿದು, ಮೈಕಾವಲಿನ ಜೀನ್‌ಗಳನ್ನ ತಣ್ಣಗೆ ಮಾಡುತ್ತೆ. ಕೆಲವು ತುಣುಕುಗಳು ಇಲಿಯವನ್ನೇ ಹೋಲ್ತವೆ. ಯಜಮಾನನ ಕೈಬರಹದಲ್ಲೇ ಕಳ್ಳ ಕಾವಲುಗಾರನಿಗೆ ಚೀಟಿ ಕಳಿಸಿದ ಹಾಗೆ.

2017ರಲ್ಲಿ ಅದೇ ಬಳಗದವರು ಆ ಪೊಟ್ಟಣಗಳನ್ನೇ ಲಸಿಕೆಯಾಗಿ ಇಲಿಗೆ ಕೊಟ್ಟರು. ಆಮೇಲೆ ಹುಳ ಬಿಟ್ಟಾಗ ಇಲಿ ತಡಕೊಂಡಿತು. ಇಲಿಯ ಮಾತು ಇದು, ಕುರಿಯದ್ದಲ್ಲ. ನಾನಂತೂ ಸದ್ಯಕ್ಕೆ ಹಿಕ್ಕೆ ಪರೀಕ್ಷೆ ಮಾಡಿಸಿಯೇ ಔಷಧಿ ಕುಡಿಸ್ತಿದೀನಿ.