ಬೈರಿಗೆಯ ಬೆಲೆ, ಬೈರಿಗೆಯ ಬಾಳಿಕೆ

ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ ನೀವು ನಿಂತಿದ್ದೀರಿ ಎಂದುಕೊಳ್ಳಿ. ನಿಮಗೆ ಬೇಕಾಗಿರುವುದು ಒಂದು ಡ್ರಿಲ್ಲಿಂಗ್ ಮಷೀನು, ಅಂದರೆ ವಿದ್ಯುತ್ ಬೈರಿಗೆ. ಅಂಗಡಿಯವರು ಎರಡನ್ನು ಮೇಜಿನ ಮೇಲೆ ಇಡುತ್ತಾರೆ. ಒಂದು ಹೆಸರುವಾಸಿ ಕಂಪನಿಯದು. ಇನ್ನೊಂದರ ಹೆಸರನ್ನು ನೀವು ಕೇಳಿಯೇ ಇಲ್ಲ, ಆದರೆ ಬೆಲೆ ಮೂರನೇ ಒಂದು ಭಾಗ. ಗುಂಡಿ ಒತ್ತಿದರೆ ಎರಡೂ ತಿರುಗುತ್ತವೆ. ಹಾಗಾದರೆ ಮೂರು ಪಟ್ಟು ಹಣ ಕೊಡುವುದು ಯಾವುದಕ್ಕೆ? ಹೆಸರಿಗೋ, ಬಾಳಿಕೆಗೋ?

ಮನೆಯ ಗೋಡೆಗೆ ಫೋಟೊ ತೂಗುಹಾಕುವವರಿಗೆ ಇದು ಸಣ್ಣ ಪ್ರಶ್ನೆ. ಆದರೆ ಸಾಲ ಮಾಡಿ ಉಪಕರಣ ಕೊಳ್ಳುವ ಬಡಗಿಗೆ ಇದು ಜೀವನದ ಪ್ರಶ್ನೆ. ಕೆಲಸದ ನಡುವೆ ಮಷೀನು ಸುಟ್ಟರೆ ಆ ದಿನದ ಕೂಲಿ ಹೋಯಿತು, ಒಪ್ಪಿಕೊಂಡ ಕೆಲಸವೂ ನಿಂತಿತು. ಇದಕ್ಕೆ ಉತ್ತರ ಬೇಕಾದರೆ ವಿದ್ಯುತ್ ಬೈರಿಗೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಎರಡು ಕೈಗಳ ಯಂತ್ರ

ನಮ್ಮ ಬಡಗಿಗಳು ಬಿಲ್ಲಿನ ದಾರ ಸುತ್ತಿದ ಬೈರಿಗೆಯಿಂದ ಮರ ಕೊರೆಯುತ್ತಿದ್ದ ಕಾಲದಲ್ಲೇ, 1889ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಆರ್ಥರ್ ಜೇಮ್ಸ್ ಅರ್ನಾಟ್ ಮತ್ತು ವಿಲಿಯಂ ಬ್ರೇನ್ ವಿದ್ಯುತ್ ಬೈರಿಗೆಗೆ ಪೇಟೆಂಟ್ ಪಡೆದರು. ಅದು ಬಂಡೆ ಮತ್ತು ಕಲ್ಲಿದ್ದಲನ್ನು ಕೊರೆಯುವ ದೊಡ್ಡ ಯಂತ್ರ. ಕೈಯಲ್ಲಿ ಹಿಡಿಯಬಹುದಾದ ಬೈರಿಗೆಯನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಕಂಪನಿ ಮಾಡಿತು. ಸುಮಾರು ಏಳೂವರೆ ಕಿಲೋಗ್ರಾಂ ತೂಕದ ಅದನ್ನು ಎರಡೂ ಕೈಗಳಿಂದ ಹಿಡಿಯಬೇಕಾಗಿತ್ತು. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯು ಪಿಸ್ತೂಲಿನ ಹಿಡಿ ಮತ್ತು ಕುದುರೆಯಂಥ ಸ್ವಿಚ್ಚು ಇರುವ ಬೈರಿಗೆಗೆ 1917ರಲ್ಲಿ ಪೇಟೆಂಟ್ ಪಡೆಯಿತು. ಇಂದು ನೀವು ಕೊಳ್ಳುವ ಎಲ್ಲ ಬೈರಿಗೆಗಳ ರೂಪವೂ ಅಲ್ಲಿಂದ ಬಂದದ್ದು.

ಅದೇ ಸ್ಟುಟ್‌ಗಾರ್ಟ್‌ನಲ್ಲಿ 1886ರಲ್ಲಿ ಹುಟ್ಟಿದ ಇನ್ನೊಂದು ಕಂಪನಿ ಬಾಷ್. ಅದು 1928ರಲ್ಲಿ ಹಿಡಿಯೊಳಗೇ ಮೋಟಾರು ಇದ್ದ ಕೂದಲು ಕತ್ತರಿಸುವ ಯಂತ್ರವನ್ನೂ 1932ರಲ್ಲಿ ವಿದ್ಯುತ್ ಸುತ್ತಿಗೆಯನ್ನೂ ತಂದಿತು. ಬಾಷ್ ನಮಗೆ ಹೊರಗಿನದೇನಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆಯೇ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಮಾಗಡಿಯ ನೆರೆಯ ಬಿಡದಿಯಲ್ಲಿ ಅದರ ಹೊಸ ಕಾರ್ಖಾನೆ 2015ರಲ್ಲಿ ಶುರುವಾಯಿತು. ಆದರೆ ಬಿಡದಿಯದು ವಾಹನಗಳ ಇಂಧನ ವ್ಯವಸ್ಥೆಯ ಬಿಡಿಭಾಗಗಳ ಕಾರ್ಖಾನೆ, ಬೈರಿಗೆಯದಲ್ಲ.

1946: ದಾರಿ ಕವಲೊಡೆಯಿತು

ಇಲ್ಲಿಯವರೆಗಿನ ಬೈರಿಗೆಗಳೆಲ್ಲ ಕಾರ್ಖಾನೆಯಲ್ಲಿ ದಿನವಿಡೀ ದುಡಿಯಲು ಮಾಡಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧಸಾಮಗ್ರಿ ಕಾರ್ಖಾನೆಗಳ ಕೆಲಸಗಾರರು ಬೈರಿಗೆಗಳನ್ನು ಮನೆಗೆ ಒಯ್ಯುತ್ತಿದ್ದರು. ಮನೆಯಲ್ಲೂ ಇದಕ್ಕೆ ಬೇಡಿಕೆ ಇದೆ ಎಂಬುದು ಬ್ಲ್ಯಾಕ್ ಅಂಡ್ ಡೆಕರ್‌ನವರಿಗೆ ಹೊಳೆದದ್ದು ಹೀಗೆ. 1946ರಲ್ಲಿ ಅವರು ಗೃಹಬಳಕೆಗೆಂದೇ ಕಾಲಂಗುಲದ ಅಗ್ಗದ ಬೈರಿಗೆಯನ್ನು ಮಾರುಕಟ್ಟೆಗೆ ಬಿಟ್ಟರು.

ಇದನ್ನು ಗಮನಿಸಿ. ಅಗ್ಗದ ಬೈರಿಗೆ ಹುಟ್ಟಿದ್ದು ಮೋಸದಿಂದಲ್ಲ, ಲೆಕ್ಕಾಚಾರದಿಂದ. ವರ್ಷಕ್ಕೆ ಕೆಲವೇ ಗಂಟೆ ಓಡುವ ಯಂತ್ರಕ್ಕೆ ದಿನವಿಡೀ ಓಡುವ ಯಂತ್ರದ ಬೇರಿಂಗು ಏಕೆ ಎಂಬುದು ಆ ಲೆಕ್ಕ. ಬಾಷ್ ಕಂಪನಿ ಇಂದಿಗೂ ಈ ಭೇದವನ್ನು ಬಣ್ಣದಲ್ಲೇ ತೋರಿಸುತ್ತದೆ. ನೀಲಿ ಬಣ್ಣದ್ದು ವೃತ್ತಿಪರರಿಗೆ, ಹಸಿರು ಬಣ್ಣದ್ದು ಮನೆಬಳಕೆಗೆ. ಒಂದೇ ಹೆಸರಿನೊಳಗೆ ಎರಡು ಬಾಳಿಕೆಗಳಿವೆ ಎಂದಾಯಿತು.

ಒಳಗೆ ಏನಿದೆ?

ಬೈರಿಗೆಯ ಮೋಟಾರು ನಿಮ್ಮ ನೀರೆತ್ತುವ ಪಂಪಿನ ಮೋಟಾರಿನಂತಲ್ಲ. ಪಂಪಿನದು ಇಂಡಕ್ಷನ್ ಮೋಟಾರು. ಅದರಲ್ಲಿ ಬ್ರಷ್ ಇಲ್ಲ, ತೂಕ ಹೆಚ್ಚು, ಬಾಳಿಕೆಯೂ ಹೆಚ್ಚು. ಕೈಯಲ್ಲಿ ಹಿಡಿಯುವ ಉಪಕರಣ ಹಗುರವಾಗಿರಬೇಕು. ಆದ್ದರಿಂದ ವಿದ್ಯುತ್ ತಂತಿಯಿಂದ ನಡೆಯುವ ಬೈರಿಗೆಗಳಲ್ಲಿ ಸಾಮಾನ್ಯವಾಗಿ ಯೂನಿವರ್ಸಲ್ ಮೋಟಾರು ಇರುತ್ತದೆ. ಅದು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿ, ಸಣ್ಣ ಗಾತ್ರದಲ್ಲೇ ಹೆಚ್ಚು ಶಕ್ತಿ ಕೊಡುತ್ತದೆ. ತಿರುಗುವ ಆರ್ಮೇಚರಿಗೆ ವಿದ್ಯುತ್ತನ್ನು ಮುಟ್ಟಿಸುವುದು ಎರಡು ಕಾರ್ಬನ್ ಬ್ರಷ್‌ಗಳು. ಅವು ಉಜ್ಜಿ ಉಜ್ಜಿ ಸವೆಯಲೇಬೇಕು.

ಬಾಳಿಕೆಯ ವ್ಯತ್ಯಾಸ ನಿರ್ಧಾರವಾಗುವುದು ಮುಖ್ಯವಾಗಿ ನಾಲ್ಕು ಕಡೆ. ಒಂದು, ಅಚ್ಚನ್ನು ಹಿಡಿದಿರುವುದು ಗುಂಡುಗಳಿರುವ ಬೇರಿಂಗೋ, ಬರೀ ಲೋಹದ ಬುಷ್ಷೋ ಎಂಬುದು. ಬುಷ್ಷು ಸವೆದರೆ ಅಚ್ಚು ಅಲುಗಾಡುತ್ತದೆ, ಬ್ರಷ್‌ನಲ್ಲಿ ಕಿಡಿ ಹೆಚ್ಚುತ್ತದೆ. ಎರಡು, ಗೇರುಗಳ ಉಕ್ಕು ಮತ್ತು ಅದನ್ನು ಹದ ಮಾಡಿದ ರೀತಿ. ಮೂರು, ಸುರುಳಿಯ ತಂತಿ ತಾಮ್ರದ್ದೋ ಅಲ್ಯೂಮಿನಿಯಮಿನದ್ದೋ, ಅದರ ಮೇಲಿನ ನಿರೋಧಕ ಲೇಪ ಎಷ್ಟು ಶಾಖ ತಾಳುತ್ತದೆ ಎಂಬುದು. ನಾಲ್ಕು, ಧೂಳು ಒಳಹೋಗದಂತೆ ಸ್ವಿಚ್ಚಿಗೂ ಬೇರಿಂಗಿಗೂ ಇರುವ ರಕ್ಷಣೆ. ಡಬ್ಬಿಯ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆ ಇವುಗಳಲ್ಲಿ ಒಂದನ್ನೂ ಹೇಳುವುದಿಲ್ಲ.

ಇವುಗಳಲ್ಲಿ ಶಾಖವೇ ದೊಡ್ಡ ಶತ್ರು. 1930ರಲ್ಲಿ ಅಮೆರಿಕದ ಎಂಜಿನಿಯರ್ ಮಾಂಟ್ಸಿಂಗರ್ ಒಂದು ಸ್ಥೂಲ ನಿಯಮವನ್ನು ತೋರಿಸಿಕೊಟ್ಟರು. ಉಷ್ಣತೆ ಸುಮಾರು 8ರಿಂದ 10 ಡಿಗ್ರಿ ಸೆಲ್ಸಿಯಸ್ ಏರಿದರೆ ನಿರೋಧಕದ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರುಗಳಿಗಾಗಿ ಹೇಳಿದ ಈ ಮಾತು ಬೈರಿಗೆಯ ಸುರುಳಿಗೂ ಸ್ಥೂಲವಾಗಿ ಅನ್ವಯಿಸುತ್ತದೆ.

ಹೆಸರಿನ ಮಹಿಮೆ

ಹಾಗೆಂದು ದುಬಾರಿ ಹೆಸರಿಗೆ ಕೊಡುವ ಹಣವೆಲ್ಲ ಬೇರಿಂಗಿಗೇ ಹೋಗುತ್ತದೆ ಎಂದೂ ಅಲ್ಲ. 1990ರ ಸುಮಾರಿಗೆ ಬ್ಲ್ಯಾಕ್ ಅಂಡ್ ಡೆಕರ್‌ನ ವೃತ್ತಿಪರ ಉಪಕರಣಗಳು ಪರೀಕ್ಷೆಗಳಲ್ಲಿ ಒಳ್ಳೆಯವೆಂದೇ ಕಂಡುಬಂದಿದ್ದರೂ ಅಮೆರಿಕದ ಬಡಗಿಗಳು ಅವನ್ನು ಕೊಳ್ಳುತ್ತಿರಲಿಲ್ಲ. ಅಡುಗೆಮನೆಯ ಸಾಮಾನು ಮಾಡುವ ಕಂಪನಿಯ ಬೈರಿಗೆ ಹಿಡಿದು ಕೆಲಸಕ್ಕೆ ಹೋಗಲು ಅವರಿಗೆ ಸಂಕೋಚ. ಅವರ ಒಲವು ಜಪಾನಿನ ಮಕಿತಾ ಕಡೆಗಿತ್ತು. ಬ್ಲ್ಯಾಕ್ ಅಂಡ್ ಡೆಕರ್ 1960ರಲ್ಲಿ ತಾನು ಕೊಂಡಿದ್ದ ಡಿವಾಲ್ಟ್ ಎಂಬ ಹಳೆಯ ಹೆಸರನ್ನು 1992ರಲ್ಲಿ ಹೊರತೆಗೆದು, ತನ್ನ ವೃತ್ತಿಪರ ಉಪಕರಣಗಳಿಗೆ ಹಳದಿ ಬಣ್ಣ ಬಳಿದು, ಆ ಹೆಸರಿನಲ್ಲಿ ಮಾರಿತು. ವ್ಯಾಪಾರ ಭರದಿಂದ ಏರಿತು. ಯಂತ್ರದಲ್ಲಿ ಆದ ಬದಲಾವಣೆಗಿಂತ ನಂಬಿಕೆಯಲ್ಲಿ ಆದ ಬದಲಾವಣೆ ದೊಡ್ಡದಾಗಿತ್ತು.

ನಮ್ಮ ದೇಶದಲ್ಲಿ ಮುಂಬೈಯ ರಾಲಿವುಲ್ಫ್ ಬಹುಕಾಲ ಮನೆಮಾತಾಗಿತ್ತು. 1976ರಲ್ಲಿ ಕೊಲ್ಹಾಪುರದ ಬಳಿಯ ಶಿರೋಳದಲ್ಲಿ ಕುಲಕರ್ಣಿ ಪವರ್ ಟೂಲ್ಸ್ ಹುಟ್ಟಿತು. 2001ರ ಏಪ್ರಿಲ್‌ನಲ್ಲಿ ಆಮದಿನ ಪ್ರಮಾಣದ ಮೇಲಿನ ನಿರ್ಬಂಧಗಳು ತೆರವಾದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಅನಂತರ ಸಣ್ಣ ಊರಿನ ಅಂಗಡಿಗೂ ಅಗ್ಗದ ಉಪಕರಣಗಳು ಬಂದವು. ‘ಚೈನಾ ಮಾಲು’ ಎಂದು ಮೂಗು ಮುರಿಯುವ ಮೊದಲು ಒಂದು ಸಂಗತಿ ನೆನಪಿರಲಿ: ಮಕಿತಾ ಮತ್ತು ಬಾಷ್ ಕಂಪನಿಗಳ ಉಪಕರಣ ಕಾರ್ಖಾನೆಗಳೂ ಚೀನಾದಲ್ಲಿವೆ. ಎಲ್ಲಿ ಮಾಡಿದ್ದು ಎನ್ನುವುದಕ್ಕಿಂತ ಯಾವ ಕೆಲಸಕ್ಕೆಂದು, ಯಾವ ಪರೀಕ್ಷೆಗೆ ಒಡ್ಡಿ ಮಾಡಿದ್ದು ಎನ್ನುವುದು ಮುಖ್ಯ.

ನಮ್ಮ ಕಲ್ಲು, ನಮ್ಮ ಕರೆಂಟು

ಈಗ ಮತ್ತೆ ಕುದೂರಿಗೆ ಬರೋಣ. ಸಮೀಪದ ಭೈರವನದುರ್ಗ, ಮಾಗಡಿಯ ಸಾವನದುರ್ಗ, ರಾಮನಗರದ ಬೆಟ್ಟಗಳು ಕಣ್ಣಮುಂದಿರುವ ಈ ಸೀಮೆ ಬಂಡೆಗಳ ಸೀಮೆ. ರಾಮನಗರದ ಹಳೆಯ ಹೆಸರಿನಿಂದಲೇ ಕರೆಯುವ ಇಲ್ಲಿನ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದರಲ್ಲಿರುವ ಬೆಣಚು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಕಲ್ಲುಚಪ್ಪಡಿಗೆ ತೂತು ಹೊಡೆಯಲು ಗೃಹಬಳಕೆಯ ಬೈರಿಗೆ ಹಿಡಿದರೆ ಮೊನೆ ಮೊಂಡಾಗುತ್ತದೆ, ಬೈರಿಗೆ ಕಾಯುತ್ತದೆ, ನೀವು ಇನ್ನೂ ಒತ್ತುತ್ತೀರಿ. ಮೋಟಾರಿಗೆ ಹರಿಯುವ ವಿದ್ಯುತ್ತು 20 ಶೇಕಡ ಹೆಚ್ಚಿದರೆ ಸುರುಳಿಯಲ್ಲಿ ಹುಟ್ಟುವ ಶಾಖ 44 ಶೇಕಡ ಹೆಚ್ಚುತ್ತದೆ. ಶಾಖವು ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ.

ಇದರ ಜೊತೆಗೆ ವೋಲ್ಟೇಜಿನ ತೊಂದರೆ. ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ, ಅಥವಾ ನೀವು ತೆಳು ವೈರನ್ನು ಉದ್ದಕ್ಕೆ ಎಳೆದು ಕೆಲಸ ಮಾಡುವಾಗ, 230 ವೋಲ್ಟ್ ಬರಬೇಕಾದಲ್ಲಿ ಅದಕ್ಕಿಂತ ಬಹಳ ಕಡಿಮೆ ಬರಬಹುದು. ಮೋಟಾರು ನಿಧಾನವಾಗುತ್ತದೆ. ಅದೇ ಅಚ್ಚಿನ ಮೇಲಿರುವ ಫ್ಯಾನೂ ನಿಧಾನವಾಗಿ, ತಂಪು ಕಡಿಮೆಯಾಗುತ್ತದೆ. ಇಂಥ ಕಡೆ ದುಬಾರಿ ಬೈರಿಗೆಯೂ ಸುಡುತ್ತದೆ. ಅಗ್ಗದ್ದು ಬೇಗ ಸುಡುತ್ತದೆ, ಅಷ್ಟೇ.

ಲೆಕ್ಕ ಹಾಕಿ ನೋಡಿ

ಉದಾಹರಣೆಗೆ ಹೀಗೆ ಊಹಿಸೋಣ. ಅಗ್ಗದ ಬೈರಿಗೆ 2,000 ರೂಪಾಯಿ, 60 ಗಂಟೆ ಕೆಲಸ ಮಾಡುತ್ತದೆ. ದುಬಾರಿಯದು 6,000 ರೂಪಾಯಿ, 300 ಗಂಟೆ ಕೆಲಸ ಮಾಡುತ್ತದೆ. ದಿನಕ್ಕೆ ಒಂದು ಗಂಟೆಯಂತೆ ವರ್ಷಕ್ಕೆ 300 ದಿನ ಬಳಸುವ ಬಡಗಿಗೆ ಅಗ್ಗದವು ಐದು ಬೇಕು, ಅಂದರೆ 10,000 ರೂಪಾಯಿ. ಕೆಲಸ ಕೆಟ್ಟ ದಿನಗಳ ನಷ್ಟ ಬೇರೆ. ವರ್ಷಕ್ಕೆ ಮೂರು ಗಂಟೆ ಬಳಸುವ ಗೃಹಸ್ಥರಿಗೆ ಅದೇ ಅಗ್ಗದ ಬೈರಿಗೆ ಇಪ್ಪತ್ತು ವರ್ಷಕ್ಕೆ ಸಾಕು. ಒಂದೇ ಯಂತ್ರ ಒಬ್ಬರಿಗೆ ದುಬಾರಿ, ಇನ್ನೊಬ್ಬರಿಗೆ ಅಗ್ಗ! ಬೆಲೆ ಮೂರು ಪಟ್ಟಾದರೆ ಬಾಳಿಕೆ ಮೂರು ಪಟ್ಟಿಗಿಂತ ಹೆಚ್ಚಿರಬೇಕು, ಮತ್ತು ಆ ಬಾಳಿಕೆಯನ್ನು ನೀವು ನಿಜಕ್ಕೂ ಬಳಸಬೇಕು.

ಅಂಗಡಿಯಲ್ಲಿ ನೀವೇ ಮಾಡಬಹುದಾದ ಪರೀಕ್ಷೆಗಳೂ ಉಂಟು. ಖಾಲಿ ಓಡಿಸಿ ಸದ್ದು ಕೇಳಿ. ಅಚ್ಚು ಅಲುಗುತ್ತದೆಯೇ ನೋಡಿ. ಬ್ರಷ್ ಬದಲಿಸಲು ಹೊರಗಿನಿಂದಲೇ ಮುಚ್ಚಳವಿದೆಯೇ, ಬ್ರಷ್ಷು, ಸ್ವಿಚ್ಚು, ಆರ್ಮೇಚರ್ ಮಾಗಡಿಯಲ್ಲೋ ಬೆಂಗಳೂರಿನಲ್ಲೋ ಸಿಗುತ್ತವೆಯೇ ಎಂದು ಕೇಳಿ. ಬಿಡಿಭಾಗ ಸಿಗದ ದುಬಾರಿ ಯಂತ್ರಕ್ಕಿಂತ ರಿಪೇರಿಯಾಗುವ ಮಧ್ಯಮ ಬೆಲೆಯ ಯಂತ್ರ ಮೇಲು. ಹೆಸರುವಾಸಿ ಕಂಪನಿಯ ನಕಲಿ ಮಾಲಿನ ಬಗ್ಗೆಯೂ ಎಚ್ಚರ ಬೇಕು, ಅದರಲ್ಲಿ ಬೆಲೆಯೂ ಇಲ್ಲ, ಬಾಳಿಕೆಯೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ನಾಲ್ಕಂಗುಲದ ಕಟಿಂಗ್ ಮಷೀನಿನ ಬಿಲ್ಲೆ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಚಲಿಸುತ್ತಿರುತ್ತದೆ. ಬಿಲ್ಲೆ ಒಡೆದರೆ ಚೂರುಗಳು ಅದೇ ವೇಗದಲ್ಲಿ ಸಿಡಿಯುತ್ತವೆ. ರಕ್ಷಣೆಯ ಕವಚ ಸಡಿಲವಾಗಿರುವ, ಸ್ವಿಚ್ಚು ಸಿಕ್ಕಿಕೊಳ್ಳುವ ಯಂತ್ರವನ್ನು ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಆದ್ದರಿಂದ ಮೇಜಿನ ಮೇಲಿರುವ ಎರಡು ಬೈರಿಗೆಗಳಲ್ಲಿ ಯಾವುದು ಒಳ್ಳೆಯದು ಎಂದು ಅಂಗಡಿಯವರನ್ನು ಕೇಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ವರ್ಷಕ್ಕೆ ಎಷ್ಟು ಗಂಟೆ? ಮರಕ್ಕೋ, ಕಲ್ಲಿಗೋ? ಕೆಟ್ಟರೆ ರಿಪೇರಿ ಎಲ್ಲಿ? 1946ರಲ್ಲಿ ಕಂಪನಿಯವರು ಹಾಕಿದ ಲೆಕ್ಕವನ್ನು ಕೊಳ್ಳುವವರಾದ ನೀವೂ ಹಾಕಿದರೆ, ಕೊಟ್ಟ ಹಣಕ್ಕೆ ಮೋಸವಿಲ್ಲ.