ಎರಡು ವರ್ಷ ಬಾಳಿದ ‘ವಿಜ್ಞಾನ’

ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಮಾಸಪತ್ರಿಕೆ ‘ಅಮೇಜಿಂಗ್ ಸ್ಟೋರೀಸ್’. 1926ರ ಏಪ್ರಿಲ್‌ನಲ್ಲಿ ಅದನ್ನು ನ್ಯೂಯಾರ್ಕ್‌ನಿಂದ ಹೊರತಂದವರು ಹ್ಯೂಗೊ ಗರ್ನ್ಸ್‌ಬ್ಯಾಕ್. ಅದಕ್ಕೂ ಎಂಟು ವರ್ಷ ಮೊದಲೇ, 1918ರಲ್ಲಿ, ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಶುರುವಾಗಿತ್ತು. ಅದು ಕಥೆಯ ಪತ್ರಿಕೆಯಲ್ಲ, ವಿಜ್ಞಾನ ಲೇಖನಗಳ ಪತ್ರಿಕೆ. ಆದರೆ ಇಬ್ಬರ ಮುಂದೆಯೂ ಇದ್ದದ್ದು ಒಂದೇ ಕೆಲಸ: ಇಲ್ಲದ ಓದುಗರನ್ನು ಹುಟ್ಟಿಸುವುದು.

ಗರ್ನ್ಸ್‌ಬ್ಯಾಕ್ ಲಕ್ಸೆಂಬರ್ಗ್‌ನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ಹೋದವರು. ರೇಡಿಯೊ ಬಿಡಿಭಾಗಗಳನ್ನು ಅಂಚೆಯಲ್ಲಿ ಮಾರುತ್ತಿದ್ದರು. 1908ರಲ್ಲಿ ‘ಮಾಡರ್ನ್ ಎಲೆಕ್ಟ್ರಿಕ್ಸ್’ ಪತ್ರಿಕೆ ಶುರು ಮಾಡಿದರು. ಬಿಡಿಭಾಗ ಕೊಂಡು ಯಂತ್ರ ಜೋಡಿಸುವ ಹುಡುಗರೇ ಅದರ ಓದುಗರು. 1911ರಲ್ಲಿ ಅದೇ ಪತ್ರಿಕೆಯಲ್ಲಿ ತಾವೇ ಬರೆದ ಭವಿಷ್ಯದ ಕಥೆಯೊಂದನ್ನು ಧಾರಾವಾಹಿಯಾಗಿ ಹಾಕಿದರು. ಮುಂದೆ ‘ಅಮೇಜಿಂಗ್ ಸ್ಟೋರೀಸ್’ನಲ್ಲಿ ಓದುಗರ ಪತ್ರಗಳನ್ನು ವಿಳಾಸ ಸಮೇತ ಅಚ್ಚು ಹಾಕಿದಾಗ ಓದುಗರು ತಮ್ಮತಮ್ಮಲ್ಲೇ ಪತ್ರ ಬರೆದುಕೊಂಡರು, ಸಂಘ ಕಟ್ಟಿದರು. ಲೇಖಕರಿಗೆ ಸರಿಯಾಗಿ ದುಡ್ಡು ಕೊಡುತ್ತಿರಲಿಲ್ಲ ಎಂಬ ಕೆಟ್ಟ ಹೆಸರೂ ಅವರಿಗಿತ್ತು. 1929ರಲ್ಲಿ ದಿವಾಳಿಯಾಗಿ ಪತ್ರಿಕೆ ಕೈತಪ್ಪಿತು. ಆದರೂ ಓದುಗ ಬಳಗ ಉಳಿಯಿತು. 1953ರಿಂದ ಆ ಬಳಗ ಕೊಡುತ್ತಿರುವ ಪ್ರಶಸ್ತಿಗೆ ‘ಹ್ಯೂಗೊ’ ಎಂದೇ ಹೆಸರು.

ಬೆಂಗಳೂರಿನ ಕತೆ ಬೇರೆ. ‘ವಿಜ್ಞಾನ’ದ ಹಿಂದೆ ಇದ್ದವರು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಮಾರಲು ಅವರ ಬಳಿ ರೇಡಿಯೊ ಸಾಮಾನು ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಆಗ ನೂರಕ್ಕೆ ಹತ್ತು ಜನರಿಗೂ ಓದು ಬರುತ್ತಿರಲಿಲ್ಲ. ಮಹಾಯುದ್ಧ ಇನ್ನೂ ನಡೆದಿತ್ತು. ಅದೇ ವರ್ಷ ಇನ್‌ಫ್ಲೂಯೆಂಜಾ ಕೂಡ ಸಂಸ್ಥಾನಕ್ಕೆ ಬಡಿಯಿತು.

ಇದಕ್ಕಿಂತ ದೊಡ್ಡ ತೊಡಕು ಮಾತಿನದು. ಕಾಲೇಜಿನ ವಿಜ್ಞಾನ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಓದುಗರನ್ನು ಹುಡುಕುವ ಮೊದಲು ವಿಷಯ ಹೇಳಲು ಕನ್ನಡ ಪದ ಹುಡುಕಬೇಕಿತ್ತು. ಅದಕ್ಕೆ ಬೆಳ್ಳಾವೆಯಂಥವರೇ ಬೇಕಾಗಿತ್ತು. ಭೌತಶಾಸ್ತ್ರದ ಈ ಮೇಷ್ಟ್ರು ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು, ಜೀವವಿಜ್ಞಾನದ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೂ ಬರೆದರು.

ಪತ್ರಿಕೆ ಸುಮಾರು ಎರಡು ವರ್ಷ ನಡೆದು ನಿಂತಿತು. ಆದರೆ ಕೆಲಸ ನಿಲ್ಲಲಿಲ್ಲ. ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಶಾಲೆಗಳನ್ನು ಮುಟ್ಟಿತು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲೇ ವೈಜ್ಞಾನಿಕ ಕಥೆ ಬರೆದರು. ಕಥೆ ಬರುವ ಮೊದಲು ಅದಕ್ಕೆ ಬೇಕಾದ ಭಾಷೆ ಸಿದ್ಧವಾಗಬೇಕು. ಆ ಕೆಲಸಕ್ಕೆ ಮೊದಲು ಕೈಹಚ್ಚಿದವರಲ್ಲಿ ಈ ಇಬ್ಬರು ಮೇಷ್ಟ್ರುಗಳೂ ಇದ್ದರು.

ಇದು ಹಳೇ ಕತೆ ಎಂದು ಬಿಡುವಂತಿಲ್ಲ. ಜಡೆಯಂಥ ಊರಿನ ಹುಡುಗಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸಿನವರೆಗೆ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತು, ಪಿಯುಸಿ ವಿಜ್ಞಾನಕ್ಕೆ ಹೋದ ಮೊದಲ ದಿನವೇ ‘ಫೋಟೊಸಿಂಥೆಸಿಸ್’ ಎನ್ನಬೇಕು. ಎಲೆ ಅದೇ, ಬಿಸಿಲು ಅದೇ. ಗೊತ್ತಿದ್ದ ಪಾಠವೇ ಗೊತ್ತಿಲ್ಲದಂತಾಗುತ್ತದೆ. ಎಷ್ಟೋ ಮಕ್ಕಳು ವಿಜ್ಞಾನ ಬಿಟ್ಟು ಬೇರೆ ವಿಭಾಗ ಹಿಡಿಯುವುದು ಈ ಅಂಜಿಕೆಯಿಂದಲೇ. 1918ರಲ್ಲಿ ಆ ಇಬ್ಬರು ಎದುರಿಸಿದ ಪ್ರಶ್ನೆ ಇವತ್ತೂ ನಮ್ಮ ಊರಿನ ಮಕ್ಕಳ ಮುಂದಿದೆ.