ಬನವಾಸಿಗೆ ಒಂದು ದಿನ: ನೋಟುಪುಸ್ತಕ, ಟಾರ್ಚ್ ಮರೆಯಬೇಡಿ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳ ಪ್ರವಾಸದ ಬಸ್ಸು ಹೊರಟರೆ ಜೋಗಕ್ಕೋ ಯಾಣಕ್ಕೋ ಹೋಗುವುದೇ ಹೆಚ್ಚು. ಶಿರಸಿಯಿಂದ ಸುಮಾರು 24 ಕಿಲೋಮೀಟರ್ ದೂರದ ಬನವಾಸಿಗೆ ಹೋದವರೂ ಮಧುಕೇಶ್ವರನಿಗೆ ಕೈಮುಗಿದು, ವರದಾ ನದಿಯ ದಡದಲ್ಲಿ ಬುತ್ತಿ ಬಿಚ್ಚಿ ಹಿಂತಿರುಗುತ್ತಾರೆ. ಈ ಸಲ ಓದುವುದಕ್ಕೆಂದು ಹೋಗಿ. ಮಳೆಗಾಲ ಬೇಡ; ನವೆಂಬರ್‌ನಿಂದ ಫೆಬ್ರವರಿಯವರೆಗಿನ ದಿನಗಳು ಒಳ್ಳೆಯವು.

ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಅದರ ಮೇಲಿರುವುದು ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಕದಂಬರಿಗಿಂತ ಮೊದಲು ಇಲ್ಲಿ ಆಳಿದ ಚುಟು ಅರಸರ ಕಾಲದ್ದು. ರಾಜಕುಮಾರಿಯೊಬ್ಬಳು ನಾಗ, ಕೆರೆ, ವಿಹಾರಗಳನ್ನು ದಾನ ಮಾಡಿದ್ದನ್ನು ಅದು ಹೇಳುತ್ತದೆ. ನಿಮಗೆ ಮುಖ್ಯವಾದದ್ದು ಕೊನೆಯ ಮಾತು. ಶಿಲ್ಪಿ ನಟಕ ತನ್ನ ಹೆಸರಿನ ಜೊತೆಗೆ ಗುರು ದಾಮೋರಕನ ಹೆಸರನ್ನೂ ಕೊರೆದಿದ್ದಾನೆ. ಇಲ್ಲಿ ವಿದ್ಯೆ ಕಲಿಸುವವರಿದ್ದರು, ಕಲಿತವರು ಅದನ್ನು ಮರೆಯಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ?

ಅಕ್ಷರ ಕಾಣದಿದ್ದರೆ ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ. ಕಲ್ಲಿನ ಪಕ್ಕದಿಂದ ಓರೆಯಾಗಿ ಬೆಳಕು ಹಾಯಿಸಿ. ಕೊರೆದ ಗೆರೆಯ ಒಂದು ಅಂಚು ಬೆಳಗಿ, ಇನ್ನೊಂದು ನೆರಳಾಗಿ, ಅಕ್ಷರ ಎದ್ದು ನಿಲ್ಲುತ್ತದೆ. ಚಿತ್ರೀಕರಣದಲ್ಲಿ ನಾವು ದೀಪವನ್ನು ಬದಿಗೆ ಸರಿಸುವುದೂ ಇದೇ ಕಾರಣಕ್ಕೆ. ಸೀಮೆಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ನಾಣ್ಯದಿಂದ ಕೆರೆಯುವುದು ಮಾತ್ರ ಖಂಡಿತ ಕೂಡದು. ಹದಿನೇಳು ಹದಿನೆಂಟು ಶತಮಾನ ಉಳಿದ ಗೆರೆ ಒಂದು ಪ್ರವಾಸದಲ್ಲಿ ಹೋಗಬಾರದಲ್ಲ!

ಬನವಾಸಿಯಿಂದ ಮುಂದೆ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಲ್ಲಿ ಒಬ್ಬ ವಿದ್ಯಾರ್ಥಿಯ ಕಥೆಯಿದೆ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಯ ಘಟಿಕೆಗೆ, ಎಂದರೆ ಅಂದಿನ ಉನ್ನತ ವಿದ್ಯಾಪೀಠಕ್ಕೆ, ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಅವಮಾನ ತಾಳದೆ ಓದು ಬಿಟ್ಟು ಕತ್ತಿ ಹಿಡಿದ. ಸುಮಾರು 345ರಲ್ಲಿ ಕದಂಬ ರಾಜ್ಯ ಕಟ್ಟಿದ.

1975ರ 'ಮಯೂರ' ಚಲನಚಿತ್ರ ನೋಡಿದವರು, ಅವನು ರಾಜಕುಮಾರನಲ್ಲವೇ ಎನ್ನಬಹುದು. ಅದು ಕಾದಂಬರಿಯಿಂದ ಬಂದ ಕಥೆ. ಕಂಬ ಹೇಳುವುದು ವೇದಾಧ್ಯಯನ ಮಾಡುವ ಮನೆತನದ ಹುಡುಗನ ಮಾತು. ಹಾಗೆಂದು ಕಂಬವನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದನ್ನು ಬರೆದ ಕವಿ ಕುಬ್ಜ ಇದ್ದದ್ದು ಸುಮಾರು ನೂರು ವರ್ಷಗಳ ನಂತರ, ಮಯೂರನ ವಂಶದ ಶಾಂತಿವರ್ಮನ ಆಶ್ರಯದಲ್ಲಿ. ಜಗಳದಲ್ಲಿ ತಪ್ಪು ಯಾರದು? ಸವಾರನ ಹೇಳಿಕೆ ನಮಗೆ ಸಿಕ್ಕಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯ ಮೇಲೆ ತೀರ್ಮಾನ ಬರೆದರೆ ನಿಮ್ಮ ಮೇಷ್ಟ್ರು ಒಪ್ಪುತ್ತಾರೆಯೇ? ಈ ಪ್ರಶ್ನೆಯನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಇದೇ ದೇವಾಲಯದಲ್ಲಿ ಪುರಾತತ್ವ ಇಲಾಖೆಯ ಉತ್ಖನನದಿಂದ 2013ರ ಸುಮಾರಿಗೆ ಸಿಕ್ಕ ಸಿಂಹಕಟಾಂಜನದ ಶಾಸನವನ್ನು 370ರದೆಂದು, ಹಲ್ಮಿಡಿಗಿಂತ ಹಳೆಯ ಕನ್ನಡವೆಂದು ಹಲವರು ಎಣಿಸುತ್ತಾರೆ.

ಹತ್ತಿರದಲ್ಲೇ ಬಳ್ಳಿಗಾವೆ. ಕೇದಾರೇಶ್ವರ ದೇವಾಲಯದ ಶಿಲ್ಪ ನೋಡಲು ಎಲ್ಲರೂ ನಿಲ್ಲುತ್ತಾರೆ. ಅದಕ್ಕೆ ಸೇರಿದ್ದ ಕೋಡಿಯ ಮಠದ ವಿಷಯ ಕೇಳುವವರು ಕಡಿಮೆ. 1162ರ ಶಾಸನವೊಂದು ಆ ಮಠದಲ್ಲಿ ನಡೆಯುತ್ತಿದ್ದ ಪಾಠಗಳನ್ನು ಹೆಸರಿಸುತ್ತದೆ: ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗ. ನಡೆಸುತ್ತಿದ್ದವರು ಶೈವರು, ಆದರೂ ಪಟ್ಟಿಯಲ್ಲಿ ಬೌದ್ಧ ದರ್ಶನವೂ ಇದೆ. ತಮ್ಮದಲ್ಲದ ಮತವನ್ನೂ ಓದಿ ವಾದಿಸುತ್ತಿದ್ದರು ಎಂದಾಯಿತು. ಅದೇ ಶಾಸನ ಇನ್ನೂ ಹೇಳುತ್ತದೆ: ಅಲ್ಲಿ ಬಡವರಿಗೆ, ಕುರುಡರಿಗೆ, ಕಿವುಡರಿಗೆ ಊಟ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು.

ಶಿರಸಿಗೆ ಮರಳುವ ಬಸ್ಸಿನ ಹೊತ್ತನ್ನು ಮಾತ್ರ ಬೆಳಿಗ್ಗೆಯೇ ವಿಚಾರಿಸಿಟ್ಟುಕೊಳ್ಳಿ.